ಲಾಂಗ್ ಕ್ಯೂಟಿ ಇರಬಹುದೆಂಬ ಸಂಶಯ: ತಜ್ಞ ವೈದ್ಯರ ಭೇಟಿಗೆ ಮೊದಲು ಏನೇನು ಸಿದ್ಧ ಮಾಡಿಕೊಳ್ಳಬೇಕು?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ಮಗಳಿಗೆ ಈಗ ಹನ್ನೆರಡು ವರ್ಷ. ಕ್ರೀಡಾಕೂಟದ ಅಭ್ಯಾಸಕ್ಕೆಂದು ಶಾಲೆಯ ಮೈದಾನದಲ್ಲಿ ಓಡುತ್ತಿದ್ದವಳು ಕುಸಿದು ಬಿದ್ದಳು. ಕೈಕಾಲು ಕೊಂಚ ಅದುರಿದವೆಂದೂ, ಸ್ವಲ್ಪ ಹೊತ್ತಿನಲ್ಲೇ ತಾನಾಗಿ ಎದ್ದು ಕುಳಿತಳೆಂದೂ ಅಲ್ಲಿದ್ದು ನೋಡಿದ ದೈಹಿಕ ಶಿಕ್ಷಕರು ಹೇಳುತ್ತಾರೆ. ಹೋದ ವರ್ಷವೂ ಒಮ್ಮೆ ಹೀಗಾಗಿ, ಫಿಟ್ಸ್ ಎಂದು ಮಾತ್ರೆ ಶುರು ಮಾಡಿದ್ದರು. ಈ ಸಲ ನೋಡಿದ ಮಕ್ಕಳ ವೈದ್ಯರು ಇಸಿಜಿ ತೆಗೆಸಿ, ಅದರಲ್ಲಿ ಕ್ಯೂಟಿ ಅಂತರ (ಪ್ರತಿ ಬಡಿತದಲ್ಲಿ ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಕಾಲ) ಉದ್ದವಾಗಿ ಕಾಣುತ್ತಿದೆ, ಇದು ಲಾಂಗ್ ಕ್ಯೂಟಿ ಎಂಬ, ವಂಶದಲ್ಲಿ ಬರುವ ಹೃದಯ ಲಯದ ತೊಂದರೆ ಇರಬಹುದು ಎಂದು ತಿಳಿಸಿ, ಬೆಂಗಳೂರಿನ ಎಲೆಕ್ಟ್ರೋಫಿಸಿಯಾಲಜಿಸ್ಟ್ (ಹೃದಯದ ಲಯದ ತಜ್ಞರು) ಒಬ್ಬರಿಗೆ ಪತ್ರ ಬರೆದುಕೊಟ್ಟಿದ್ದಾರೆ. ಭೇಟಿ ಮುಂದಿನ ವಾರ ಇದೆ.

ತಮ್ಮ ಮತ್ತು ಅವನ ಹೆಂಡತಿ ಇಬ್ಬರೂ ಗಾಬರಿಯಲ್ಲಿರುವುದರಿಂದ ಜೊತೆಗೆ ನಾನೂ ಹೋಗುತ್ತಿದ್ದೇನೆ. ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯರ ಎದುರು ಕೂರಲು ಸಿಗುವ ಹೊತ್ತು ಎಷ್ಟೆಂಬುದು ನಿಮಗೆಲ್ಲ ಗೊತ್ತಿದೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ, ಏನನ್ನು ಕೊಂಡೊಯ್ಯಬೇಕು, ಏನನ್ನು ಕೇಳಬೇಕು ಎಂದು ದಯವಿಟ್ಟು ತಿಳಿಸಿ.

ಚಾಮುಂಡಿ ತಪ್ಪಲು, ಮೈಸೂರು

ಮೇಡಂ, ನನಗೆ ಇದೇ ಕಾಯಿಲೆಯ ಎರಡನೇ ಬಗೆ ಇದೆ (ದೋಷ ಯಾವ ಜೀನಿನಲ್ಲಿದೆ ಎಂಬುದರ ಮೇಲೆ ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ). ಕಾಲೇಜಿನ ದಿನಗಳಿಂದ ಮಾತ್ರೆ ತೆಗೆದುಕೊಳ್ಳುತ್ತ ಕೆಲಸ, ಸಂಸಾರ ಎಲ್ಲವನ್ನೂ ನಡೆಸಿಕೊಂಡು ಬಂದಿದ್ದೇನೆ. ಇದನ್ನು ನಿಮ್ಮ ತಮ್ಮನಿಗೂ ಹೇಳಿ, ಸ್ವಲ್ಪ ಧೈರ್ಯ ಬಂದೀತು.

ಸಿದ್ಧತೆಯ ವಿಷಯದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು, ಮಗು ಬಿದ್ದದ್ದನ್ನು ಕಣ್ಣಾರೆ ಕಂಡವರ ಮಾತನ್ನು. ಹೃದಯದ ಬಡಿತ ಸರಿಯಾಗಿರುವ ಹೊತ್ತಿನಲ್ಲೇ ಮಗು ವೈದ್ಯರ ಮುಂದೆ ಕುಳಿತಿರುತ್ತದೆ. ಬಿದ್ದ ಗಳಿಗೆಯನ್ನು ಅವರು ನೋಡಿರುವುದಿಲ್ಲ. ಆದ್ದರಿಂದ ಆ ದೈಹಿಕ ಶಿಕ್ಷಕರನ್ನು ಕಂಡು, ನೆನಪು ಮಸುಕಾಗುವ ಮೊದಲೇ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಓಡುತ್ತಿರುವಾಗಲೇ ಬಿದ್ದಳೋ ಅಥವಾ ಓಟ ಮುಗಿಸಿ ನಿಂತ ಮೇಲೆಯೋ? ಬೀಳುವ ಮೊದಲು ತಲೆ ಸುತ್ತು, ಬೆವರು, ಕಣ್ಣು ಕತ್ತಲೆ ಏನಾದರೂ ಇತ್ತೇ, ಅಥವಾ ಯಾವ ಸೂಚನೆಯೂ ಇಲ್ಲದೆ ಬಿದ್ದಳೇ? ಮುಖ ಬಿಳಿಚಿಕೊಂಡಿತ್ತೇ? ಬಿದ್ದ ತಕ್ಷಣ ಅದುರಿದಳೋ, ಕೆಲವು ಕ್ಷಣ ಸುಮ್ಮನಿದ್ದು ಆಮೇಲೆ ಅದುರಿದಳೋ? ನಾಲಿಗೆ ಕಚ್ಚಿಕೊಂಡಿದ್ದಳೇ? ಎದ್ದ ಮೇಲೆ ಸರಿಯಾಗಿ ಮಾತನಾಡಿದಳೋ, ಮಂಕಾಗಿದ್ದಳೋ? ಮೆದುಳಿನ ಫಿಟ್ಸ್ ಬಂದವರು ಸಾಮಾನ್ಯವಾಗಿ ಬಹಳ ಹೊತ್ತು ಗೊಂದಲದಲ್ಲಿರುತ್ತಾರೆ, ನಿದ್ದೆಗೆ ಜಾರುತ್ತಾರೆ; ಲಯ ತಪ್ಪಿ ಬಿದ್ದವರು ಲಯ ಮರಳಿದ ಕೂಡಲೇ ಬಹುಬೇಗ ತಿಳಿವಿಗೆ ಬರುತ್ತಾರೆ. ಮೆದುಳಿಗೆ ರಕ್ತ ಹೋಗದೆ ಇದ್ದಾಗಲೂ ಕೈಕಾಲು ಅದುರುತ್ತದೆಯಾದ್ದರಿಂದಲೇ ಎಷ್ಟೋ ಮಕ್ಕಳಿಗೆ ಮೊದಲು ಫಿಟ್ಸ್ ಎಂಬ ಹಣೆಪಟ್ಟಿ ಬೀಳುತ್ತದೆ. ನಮ್ಮ ಊರುಗಳಲ್ಲಿ ಅದಕ್ಕೂ ಮೊದಲು ಕೈಗೆ ಕಬ್ಬಿಣದ ಬೀಗದ ಕೈ ಕೊಡುವ, ಈರುಳ್ಳಿ ಮೂಸಿಸುವ ಉಪಚಾರ ಮುಗಿದಿರುತ್ತದೆ. ಅಷ್ಟರಲ್ಲಿ ಮಗು ತಾನಾಗಿಯೇ ಎದ್ದಿರುತ್ತದೆಯಾದ್ದರಿಂದ ಯಶಸ್ಸು ಈರುಳ್ಳಿಗೆ ಸಲ್ಲುತ್ತದೆ.

ಬಿದ್ದಾಗ ಏನು ಮಾಡುತ್ತಿದ್ದಳು ಎಂಬುದು ಕಾಯಿಲೆಯ ಬಗೆಯನ್ನೂ ಸೂಚಿಸುತ್ತದೆ. 2001ರಲ್ಲಿ 670 ರೋಗಿಗಳ ಮೇಲೆ ನಡೆದ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ, ಮೊದಲ ಬಗೆಯವರಿಗೆ ಶೇಕಡ 62ರಷ್ಟು ಘಟನೆಗಳು ಆಟ, ಓಟ, ಈಜಿನಂತಹ ದೈಹಿಕ ಶ್ರಮದಲ್ಲಿ ಬಂದಿದ್ದವು. ಎರಡನೇ ಬಗೆಯವರಿಗೆ ಶೇಕಡ 43ರಷ್ಟು ಗಾಬರಿ, ಹಠಾತ್ ಶಬ್ದದಂತಹ ಸಂದರ್ಭಗಳಲ್ಲಿ. ಮೂರನೇ ಬಗೆಯವರಿಗೆ ಶೇಕಡ 39ರಷ್ಟು ನಿದ್ದೆ ಅಥವಾ ವಿಶ್ರಾಂತಿಯಲ್ಲಿ. ನಾನು ಬಿದ್ದದ್ದು ನಸುಕಿನಲ್ಲಿ ದೂರವಾಣಿ ಗಂಟೆ ಹೊಡೆದಾಗ. ಈ ಒಂದು ಮಾತನ್ನು ನನ್ನ ತಾಯಿ ಹೇಳಿದ ಮೇಲೆ ವೈದ್ಯರು ಪೆನ್ನು ಕೆಳಗಿಟ್ಟು ನಮ್ಮ ಕಡೆ ತಿರುಗಿ ಕುಳಿತರು.

ಇಸಿಜಿ ಕೋಣೆ, ತುಮಕೂರು

ನಾನು ಇಸಿಜಿ ತಂತ್ರಜ್ಞ, ವೈದ್ಯನಲ್ಲ. ಕಾಗದಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಮಗುವಿನ ಎಲ್ಲ ಇಸಿಜಿಗಳ ಮೂಲ ಪ್ರತಿಗಳನ್ನೂ ಕೊಂಡೊಯ್ಯಿರಿ. ಹೋದ ವರ್ಷ ಫಿಟ್ಸ್ ಎಂದಾಗ ಎಲ್ಲಾದರೂ ಇಸಿಜಿ ತೆಗೆದಿದ್ದರೆ, ಅದನ್ನು ಆಗ 'ನಾರ್ಮಲ್' ಎಂದು ಬರೆದಿದ್ದರೂ ಸರಿಯೇ, ಹುಡುಕಿ ತನ್ನಿ. 'ಇಸಿಜಿ ನಾರ್ಮಲ್' ಎಂದು ಡಿಸ್ಚಾರ್ಜ್ ಹಾಳೆಯಲ್ಲಿ ಬರೆದ ಒಂದು ಸಾಲಿನಿಂದ ಈ ತಜ್ಞರಿಗೆ ಏನೂ ಪ್ರಯೋಜನವಿಲ್ಲ, ಅವರಿಗೆ ಗೆರೆ ಕಾಣಬೇಕು. ಇಸಿಜಿಯ ಕಾಗದ ಬಿಸಿಗೆ ಕಪ್ಪಾಗುವ ಬಗೆಯದು. ಬಿಸಿಲಲ್ಲಿಟ್ಟರೆ ಮಾಸುತ್ತದೆ, ಜೋಪಾನವೆಂದು ಲ್ಯಾಮಿನೇಷನ್ ಮಾಡಿಸಿದರೆ ಪೂರ್ತಿ ಕಪ್ಪಾಗಿ ಹಾಳಾಗುತ್ತದೆ. ಜೆರಾಕ್ಸ್ ಮಾಡಿಸಿ ಎರಡನ್ನೂ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆಯುವುದಾದರೆ ಅಂಚುಗಳನ್ನು ಕತ್ತರಿಸಬೇಡಿ; ಕಾಗದ ಓಡಿದ ವೇಗ ಅಲ್ಲೇ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಅದು ಸೆಕೆಂಡಿಗೆ 25 ಮಿಲಿಮೀಟರ್, ಅಂದರೆ ಒಂದು ಸಣ್ಣ ಚೌಕಕ್ಕೆ 40 ಮಿಲಿಸೆಕೆಂಡು.

ಕ್ಯೂಟಿ ಎಂದರೆ ಹೃದಯದ ಕೆಳಕೋಣೆಗಳು ಒಮ್ಮೆ ವಿದ್ಯುತ್ತಿನಿಂದ ಪ್ರಚೋದನೆಗೊಂಡು ಮತ್ತೆ ಸಜ್ಜಾಗುವವರೆಗಿನ ಕಾಲ. ಬಡಿತ ವೇಗವಾದರೆ ಈ ಕಾಲ ತಾನೇ ಕುಗ್ಗುತ್ತದೆಯಾದ್ದರಿಂದ ಬಡಿತಕ್ಕೆ ತಕ್ಕಂತೆ ಅದನ್ನು ತಿದ್ದಿ ಲೆಕ್ಕ ಹಾಕುತ್ತಾರೆ. ಹಾಗೆ ಬಂದದ್ದೇ ಕ್ಯೂಟಿಸಿ. 1920ರ ಬಾಜೆಟ್ ಸೂತ್ರವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ: ಕ್ಯೂಟಿಯನ್ನು, ಎರಡು ಬಡಿತಗಳ ನಡುವಿನ ಅಂತರದ ವರ್ಗಮೂಲದಿಂದ ಭಾಗಿಸುವುದು. ನಿಮಿಷಕ್ಕೆ 60 ಬಡಿತವಿರುವಾಗ ಕ್ಯೂಟಿ 400 ಮಿಲಿಸೆಕೆಂಡು ಇದ್ದರೆ ಕ್ಯೂಟಿಸಿಯೂ 400. ಅದೇ 400 ನಿಮಿಷಕ್ಕೆ 100 ಬಡಿತವಿರುವಾಗ ಕಂಡರೆ ಕ್ಯೂಟಿಸಿ 516ರ ಹತ್ತಿರ ಬರುತ್ತದೆ. ಈ ಸೂತ್ರ ವೇಗದ ಬಡಿತದಲ್ಲಿ ಸ್ವಲ್ಪ ಹೆಚ್ಚಾಗಿಯೇ ತೋರಿಸುವುದರಿಂದ, ಅಳುತ್ತಿರುವ, ಹೆದರಿರುವ ಅಥವಾ ಜ್ವರವಿರುವ ಮಗುವಿನ ಇಸಿಜಿಯನ್ನು ಎಚ್ಚರದಿಂದ ಓದಬೇಕಾಗುತ್ತದೆ. ಸ್ಥೂಲವಾಗಿ ಗಂಡಸರಲ್ಲಿ 450, ಹೆಂಗಸರಲ್ಲಿ 460 ಮಿಲಿಸೆಕೆಂಡಿನವರೆಗೆ ಸಹಜವೆನ್ನುತ್ತಾರೆ. ಬೇರೆ ಕಾರಣವಿಲ್ಲದೆ ಮತ್ತೆ ಮತ್ತೆ 480 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕಾಯಿಲೆ ಇದೆ ಎಂದೇ ಪರಿಗಣಿಸುತ್ತಾರೆ. 500 ದಾಟಿದರೆ ಅಪಾಯ ಹೆಚ್ಚು.

ಯಂತ್ರವೇ ಮೇಲ್ಗಡೆ ಅಚ್ಚು ಹಾಕುವ ಸಂಖ್ಯೆಯನ್ನು ನಂಬಿ ರಾತ್ರಿಯಿಡೀ ಕೂರಬೇಡಿ. ಟಿ ಅಲೆ (ಇಸಿಜಿ ಗೆರೆಯಲ್ಲಿ ಪ್ರತಿ ಬಡಿತದ ಕೊನೆಗೆ ಕಾಣುವ ಉಬ್ಬು) ಎಲ್ಲಿ ಮುಗಿಯಿತು ಎಂಬುದನ್ನು ಯಂತ್ರ ಹಲವು ಸಲ ತಪ್ಪಾಗಿ ಗುರುತಿಸುತ್ತದೆ. 'ನೀವು ಕೈಯಿಂದ ಅಳೆದಾಗ ಎಷ್ಟು ಬಂತು?' ಎಂದು ವೈದ್ಯರನ್ನು ಧಾರಾಳವಾಗಿ ಕೇಳಬಹುದು. ಎಲೆಕ್ಟ್ರೋಫಿಸಿಯಾಲಜಿಸ್ಟ್‌ಗಳು ಈ ಪ್ರಶ್ನೆಗೆ ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ.

ಸಾಧನಕೇರಿ, ಧಾರವಾಡ

ಎಲ್ಲರೂ ಹೀಗೆ ಸಂಖ್ಯೆಗಳನ್ನು ಹೇಳಿ ಆ ತಂದೆತಾಯಿಯನ್ನು ಇನ್ನಷ್ಟು ಹೆದರಿಸುತ್ತಿದ್ದೀರಿ ಎಂದು ನನಗೆ ಅನ್ನಿಸುತ್ತದೆ. ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ, 2025ರಲ್ಲಿ, ಜಯದೇವ ಆಸ್ಪತ್ರೆಯ ಮುಂದೆ ಜನ ಮುಗಿಬಿದ್ದದ್ದನ್ನು ನೋಡಿದ್ದೇವೆ. ಬಂದವರಲ್ಲಿ ಬಹುಪಾಲು ಜನರಿಗೆ ಇದ್ದದ್ದು ಭಯ ಮಾತ್ರ. ಮಗುವಿಗೆ ಒಂದು ಎಕೋ ಮಾಡಿಸಿ, ಅದು ಸರಿಯಿದ್ದರೆ ನಿಶ್ಚಿಂತೆಯಿಂದ ಇರಬಹುದಲ್ಲವೇ? ಇನ್ನೊಂದು ಮಾತು: ಹೆಣ್ಣುಮಗಳು. ವಂಶದ ಕಾಯಿಲೆ ಎಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದರೆ ನಾಳೆ ಅವಳ ಮದುವೆಯ ಮಾತು ಬಂದಾಗ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು.

ಇಸಿಜಿ ಕೋಣೆ, ತುಮಕೂರು

ಸರ್, ಎಕೋದಲ್ಲಿ ಹೃದಯದ ಗೋಡೆ, ಕವಾಟ, ರಕ್ತ ನೂಕುವ ಶಕ್ತಿ ಕಾಣುತ್ತವೆ. ಆಂಜಿಯೋಗ್ರಾಂನಲ್ಲಿ ರಕ್ತನಾಳದ ತಡೆ ಕಾಣುತ್ತದೆ. ಲಾಂಗ್ ಕ್ಯೂಟಿಯಲ್ಲಿ ಇವೆರಡೂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ತೊಂದರೆ ಇರುವುದು ಹೃದಯದ ಜೀವಕೋಶಗಳ ಪೊರೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಕಣಗಳನ್ನು ಒಳಗೆ ಹೊರಗೆ ಬಿಡುವ ಸೂಕ್ಷ್ಮ ದ್ವಾರಗಳಲ್ಲಿ. ಎಕೋವನ್ನು ಮಾಡಿಸುತ್ತಾರೆ, ಮಾಡಿಸಲೇಬೇಕು, ಆದರೆ ಅದು ಸರಿಯಿದೆ ಎಂಬ ಕಾರಣಕ್ಕೆ ಈ ಭೇಟಿಯನ್ನು ತಪ್ಪಿಸುವಂತಿಲ್ಲ.

ವಂಶವಾಹಿ ಆಪ್ತಸಲಹೆ, ಬೆಂಗಳೂರು

ಸಾಧನಕೇರಿಯವರ ಮದುವೆಯ ಪ್ರಶ್ನೆಯನ್ನು ತಳ್ಳಿಹಾಕಬಾರದು. ನಾನು ಆನುವಂಶಿಕ ಕಾಯಿಲೆಗಳ ಆಪ್ತಸಲಹೆಗಾರ್ತಿ. ನನ್ನೆದುರು ಕುಳಿತ ಕುಟುಂಬಗಳಲ್ಲಿ ಬಹುತೇಕ ಎಲ್ಲರ ಮನಸ್ಸಿನಲ್ಲೂ ಇದೇ ಪ್ರಶ್ನೆ ಇರುತ್ತದೆ, ಕೆಲವರು ಮಾತ್ರ ಬಾಯಿಬಿಟ್ಟು ಹೇಳುತ್ತಾರೆ. ಊರಿಗೆಲ್ಲ ಹೇಳಬೇಕಾಗಿಲ್ಲ. ಆದರೆ ರಕ್ತಸಂಬಂಧಿಗಳಿಗೆ ಹೇಳದಿದ್ದರೆ, ಇದೇ ಕಾಯಿಲೆ ಇದ್ದು ಗೊತ್ತಿಲ್ಲದವರು ಅಪಾಯದಲ್ಲೇ ಉಳಿಯುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಮುಚ್ಚಿಡುವುದು ಇನ್ನಷ್ಟು ಅಪಾಯದ ಕೆಲಸ. ಎರಡನೇ ಬಗೆಯಲ್ಲಿ ಹೆರಿಗೆಯ ನಂತರದ ಸುಮಾರು ಒಂಬತ್ತು ತಿಂಗಳು ಹೆಚ್ಚಿನ ಗಂಡಾಂತರದ ಕಾಲವೆಂದು ತಿಳಿದಿದೆ. ಬಾಣಂತಿಯ ಮನೆಯವರಿಗೆ ಕಾಯಿಲೆಯ ಹೆಸರೇ ಗೊತ್ತಿಲ್ಲದಿದ್ದರೆ ಆಕೆಯ ಮಾತ್ರೆಯನ್ನು ಕಾಯುವವರು ಯಾರು?

ಈಗ ಸಿದ್ಧತೆಯ ಮಾತು. ಭೇಟಿಗೆ ಮುನ್ನ ಕನಿಷ್ಠ ಮೂರು ತಲೆಮಾರಿನ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತಂದೆಯ ಕಡೆ, ತಾಯಿಯ ಕಡೆ ಎರಡೂ ಬೇಕು. 'ನಿಮ್ಮ ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇದೆಯೇ?' ಎಂದು ಹಿರಿಯರನ್ನು ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ, ಏಕೆಂದರೆ ಆ ಸಾವುಗಳಿಗೆ ಅವರು ಕೊಟ್ಟುಕೊಂಡ ಹೆಸರುಗಳೇ ಬೇರೆ. ಹೀಗೆ ಕೇಳಿ: ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡವರು ಯಾರಾದರೂ ಇದ್ದಾರೆಯೇ? ಈಜು ಬಲ್ಲವರು ಕೆರೆಯಲ್ಲೋ ಬಾವಿಯಲ್ಲೋ ಮುಳುಗಿದ್ದುಂಟೇ? ರಾತ್ರಿ ಮಲಗಿದವರು ಬೆಳಿಗ್ಗೆ ಏಳದೆ ಹೋದದ್ದು, ತೊಟ್ಟಿಲ ಕೂಸು ಕಾರಣವಿಲ್ಲದೆ ತೀರಿಕೊಂಡದ್ದು, ಮೂರ್ಛೆ ರೋಗವೆಂದು ಹೆಸರಾದವರು, ಬಾಣಂತನದಲ್ಲಿ ಇದ್ದಕ್ಕಿದ್ದಂತೆ ಹೋದವರು, ರಸ್ತೆ ನೇರವಿದ್ದರೂ ಗಾಡಿ ಬಿಟ್ಟು ಬಿದ್ದವರು, ಹುಟ್ಟು ಕಿವುಡರು. ಪ್ರತಿಯೊಬ್ಬರ ವಯಸ್ಸನ್ನೂ ಅಂದಾಜಿನಲ್ಲಾದರೂ ಬರೆಯಿರಿ. ಮರಣೋತ್ತರ ಪರೀಕ್ಷೆಯ ಕಾಗದ ಇದ್ದರೆ ಜೊತೆಗಿಡಿ.

ಕಿವುಡನ್ನು ಏಕೆ ಕೇಳಿದೆ ಎಂದರೆ, ಈ ಕಾಯಿಲೆಯ ಒಂದು ತೀವ್ರ ರೂಪದಲ್ಲಿ ಮಗು ಹುಟ್ಟಿನಿಂದಲೇ ಕಿವುಡಾಗಿರುತ್ತದೆ. 1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ ನೀಲ್ಸೆನ್ ಎಂಬ ವೈದ್ಯರು ವಿವರಿಸಿದ ಕುಟುಂಬದಲ್ಲಿ ಆರು ಮಕ್ಕಳಿದ್ದು, ಅವರಲ್ಲಿ ನಾಲ್ವರು ಕಿವುಡರಾಗಿದ್ದರು. ಆ ನಾಲ್ವರಲ್ಲಿ ಮೂವರು ಚಿಕ್ಕಂದಿನಲ್ಲೇ ಹಠಾತ್ತನೆ ತೀರಿಕೊಂಡರು. ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಈ ರೂಪ ಕಾಣುತ್ತದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ಪದ್ಧತಿ ಇರುವ ನಮ್ಮ ಕಡೆ ಹಾಗಾಗುವ ಸಂಭವ ಹೆಚ್ಚು. ಆದ್ದರಿಂದ ಒಳಸಂಬಂಧದ ಮದುವೆಗಳನ್ನು ವಂಶವೃಕ್ಷದಲ್ಲಿ ಎರಡು ಗೆರೆ ಎಳೆದು ತೋರಿಸಿ, ಸಂಕೋಚ ಬೇಡ. ಹುಟ್ಟು ಕಿವುಡಾದ ಮಗು ಎಚ್ಚರ ತಪ್ಪಿ ಬಿದ್ದರೆ ಒಂದು ಇಸಿಜಿ ತೆಗೆಸಲೇಬೇಕು ಎಂಬುದನ್ನು, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಂದಿರು ಈ ಚರ್ಚೆಯನ್ನು ಓದುತ್ತಿದ್ದರೆ, ಗಮನಕ್ಕೆ ತರುತ್ತೇನೆ.

ಕಿವುಡಿಲ್ಲದ ಸಾಮಾನ್ಯ ರೂಪದಲ್ಲಿ ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡು ಹೆಣ್ಣೆಂಬ ಭೇದವಿಲ್ಲ. ಸುಮಾರು ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಇದು ಇದೆಯೆಂದು ಅಂದಾಜು. ಜೀನ್ ಇದ್ದೂ ಇಸಿಜಿ ಸಹಜವಾಗಿರುವವರು ಸುಮಾರು ನಾಲ್ಕನೇ ಒಂದು ಭಾಗದಷ್ಟು ಇದ್ದಾರೆ. ಹಾಗಾಗಿ 'ನನಗೆ ಎಂದೂ ಏನೂ ಆಗಿಲ್ಲ' ಎಂಬ ಹಿರಿಯರ ಮಾತು ಸಮಾಧಾನದ ಮಾತೇ ಹೊರತು ಪುರಾವೆಯಲ್ಲ.

ತುಂಗಾತೀರ, ಶಿವಮೊಗ್ಗ

ನಿಮ್ಮ ಪ್ರಶ್ನೆಗಳನ್ನು ಹಾಗೆಯೇ ಬರೆದುಕೊಂಡು ಅಪ್ಪನನ್ನು ಕೇಳಿದೆ. ಅಪ್ಪನಿಗೆ ಎಪ್ಪತ್ತು ದಾಟಿದೆ. ಅವರ ತಂಗಿ, ಅಂದರೆ ನಮ್ಮ ಸೋದರತ್ತೆ, ಹತ್ತೊಂಬತ್ತನೇ ವಯಸ್ಸಿನಲ್ಲಿ ಊರಿನ ಕೆರೆಯಲ್ಲಿ ತೀರಿಕೊಂಡಿದ್ದರು. ಕೆರೆಯ ಗಾಳಿ ತಾಗಿತು ಎಂದು ಮನೆಯಲ್ಲಿ ಹೇಳುತ್ತಿದ್ದರು. ಆತ್ಮಹತ್ಯೆ ಇರಬಹುದೆಂದು ಊರಿನವರು ಪಿಸುಗುಡುತ್ತಿದ್ದುದರಿಂದ ಆ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. 'ಅವಳು ಚೆನ್ನಾಗಿ ಈಜುತ್ತಿದ್ದಳು, ಆ ದಿನವೂ ನಗುತ್ತಲೇ ನೀರಿಗೆ ಇಳಿದಳು' ಎಂದು ಅಪ್ಪ ಈಗ ಹೇಳುತ್ತಿದ್ದಾರೆ. ಇದನ್ನು ವಂಶವೃಕ್ಷದಲ್ಲಿ ಬರೆಯಬೇಕೇ? ಇಷ್ಟು ವರ್ಷಗಳ ನಂತರ ಅದರಿಂದ ಏನಾದರೂ ಪ್ರಯೋಜನವಿದೆಯೇ?

ವಂಶವಾಹಿ ಆಪ್ತಸಲಹೆ, ಬೆಂಗಳೂರು

ಖಂಡಿತ ಬರೆಯಿರಿ, ಮೊದಲ ಸಾಲಿನಲ್ಲೇ ಬರೆಯಿರಿ. ಈಜು ಬಲ್ಲ ಹತ್ತೊಂಬತ್ತರ ಹುಡುಗಿ ಮುಳುಗಿದ್ದು, ಅದೇ ವಂಶದ ಮಗು ಓಡುವಾಗ ಬಿದ್ದದ್ದು, ಇವೆರಡನ್ನೂ ಜೊತೆಗಿಟ್ಟು ನೋಡಿದ ವೈದ್ಯರು ಮೊದಲ ಬಗೆಯ ಕಡೆಗೆ ಯೋಚಿಸುತ್ತಾರೆ. ಸಾವಿನ ಕಾರಣವನ್ನು ಈಗ ಯಾರೂ ಸಾಬೀತು ಮಾಡಲಾರರು, ಆದರೂ ತಂದೆಯ ಕಡೆಯಿಂದ ಪರೀಕ್ಷೆ ಶುರುವಾಗಬೇಕು ಎಂಬುದಕ್ಕೆ ಅದು ಸಾಕಷ್ಟು ಬಲವಾದ ಸುಳಿವು. ಸಾಧ್ಯವಾದರೆ ನಿಮ್ಮ ತಮ್ಮ, ನಿಮ್ಮ ತಂದೆ ಮತ್ತು ನೀವು, ಮೂವರೂ ಊರಿನಲ್ಲೇ ಒಂದೊಂದು ಇಸಿಜಿ ತೆಗೆಸಿಕೊಂಡು ಆ ಕಾಗದಗಳನ್ನು ಭೇಟಿಗೆ ಕೊಂಡೊಯ್ಯಿರಿ. ಮಗುವಿನ ತಾಯಿಯದೂ ಇರಲಿ.

ಔಷಧದ ಪೆಟ್ಟಿಗೆ, ಹುಬ್ಬಳ್ಳಿ

ನಾನು ಔಷಧ ವ್ಯಾಪಾರಿ. ಭೇಟಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹೆಸರು ಬರೆದುಕೊಂಡು ಹೋದರೆ ಸಾಲದು, ಏಕೆಂದರೆ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಗಳು ಬೆರೆತಿರುತ್ತವೆ. ಬಿದ್ದ ದಿನ ಮತ್ತು ಅದಕ್ಕೆ ಹಿಂದಿನ ಒಂದು ವಾರ ಮಗು ಏನೇನು ನುಂಗಿತ್ತು ಎಂಬುದನ್ನೂ ನೆನಪಿಸಿಕೊಳ್ಳಿ.

ಕ್ಯೂಟಿಯನ್ನು ಇನ್ನಷ್ಟು ಉದ್ದ ಮಾಡುವ ಔಷಧಗಳು ಅಪರೂಪದವಲ್ಲ, ನಮ್ಮ ಅಂಗಡಿಗಳಲ್ಲಿ ದಿನವೂ ಮಾರಾಟವಾಗುವಂಥವು. ಗಂಟಲು ನೋವಿಗೆ ಕೊಡುವ ಅಜಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್, ಸೋಂಕಿಗೆ ಕೊಡುವ ಸಿಪ್ರೋಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್, ವಾಂತಿಗೆ ಮಕ್ಕಳಿಗೂ ಕೊಡುವ ಒಂಡಾನ್ಸೆಟ್ರಾನ್, ಶಿಲೀಂಧ್ರಕ್ಕೆ ಫ್ಲುಕೊನಜೋಲ್, ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್, ಮನಸ್ಸಿನ ಕಾಯಿಲೆಗೆ ಎಸಿಟಲೋಪ್ರಾಮ್, ಹ್ಯಾಲೋಪೆರಿಡಾಲ್. ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಬೀಳದೆ ಹೋಗುವುದು ಡೊಂಪೆರಿಡೋನ್. ಗ್ಯಾಸ್ ಎಂದು ಚೀಟಿಯಿಲ್ಲದೆ ಜನ ಕೇಳಿ ಪಡೆಯುವ, ಪ್ಯಾಂಟೊಪ್ರಜೋಲ್ ಜೊತೆ ಬೆರೆಸಿದ ಮಾತ್ರೆಯಲ್ಲಿ ಅದು ಇರುತ್ತದೆ. ಐರೋಪ್ಯ ಔಷಧ ಪ್ರಾಧಿಕಾರ 2014ರಲ್ಲೇ ಡೊಂಪೆರಿಡೋನನ್ನು ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ ಒಂದು ವಾರಕ್ಕೆ ಮೀರದಂತೆ ಮಾತ್ರ ಬಳಸಬೇಕೆಂದು ಮಿತಿ ಹಾಕಿತು. ಇಲ್ಲಿ ಅದನ್ನು ವರ್ಷಗಟ್ಟಲೆ ಬೆಳಗಿನ ಕಾಫಿಗೆ ಮುಂಚೆ ನುಂಗುವವರಿದ್ದಾರೆ.

ಅರಿಜೋನಾದಲ್ಲಿ ಶುರುವಾದ ಕ್ರೆಡಿಬಲ್‌ಮೆಡ್ಸ್ ಎಂಬ ಸಂಸ್ಥೆ ಇಂತಹ ಔಷಧಗಳ ಪಟ್ಟಿಯನ್ನು ಅಪಾಯದ ಮಟ್ಟಕ್ಕೆ ಅನುಗುಣವಾಗಿ ವಿಂಗಡಿಸಿ, ಕಾಲಕಾಲಕ್ಕೆ ಪರಿಷ್ಕರಿಸಿ ಉಚಿತವಾಗಿ ಕೊಡುತ್ತದೆ. ಹುಟ್ಟಿನಿಂದ ಲಾಂಗ್ ಕ್ಯೂಟಿ ಇರುವವರಿಗೆಂದೇ ಅದರಲ್ಲಿ ಬೇರೆ ಪಟ್ಟಿಯಿದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫೆಡ್ರಿನ್‌ನಂತಹ, ಹೃದಯವನ್ನು ಉದ್ದೀಪಿಸುವ ಔಷಧಗಳೂ ಅದರಲ್ಲಿ ಸೇರಿವೆ. ಆ ಪಟ್ಟಿಯನ್ನು ಮುದ್ರಿಸಿಕೊಂಡು ಹೋಗಿ, ನಿಮ್ಮ ಮಗುವಿಗೆ ಅನ್ವಯಿಸುವುದನ್ನು ವೈದ್ಯರಿಂದ ಗುರುತು ಹಾಕಿಸಿಕೊಳ್ಳಿ. ಹಲ್ಲಿನ ವೈದ್ಯರು ಕೊಡುವ ಮರಗಟ್ಟಿಸುವ ಚುಚ್ಚುಮದ್ದಿನಲ್ಲಿ ಅಡ್ರಿನಲಿನ್ ಇರುತ್ತದೆಯಾದ್ದರಿಂದ ಅದನ್ನೂ ಕೇಳಿ. ಅಜ್ಜಿಯರ ಮದ್ದಿನ ಪೆಟ್ಟಿಗೆಯೂ ಈ ಲೆಕ್ಕಕ್ಕೆ ಬರುತ್ತದೆ: ಕೆಮ್ಮಿಗೆ ಅಗಿಯುವ ಅತಿಮಧುರವನ್ನು ಹೆಚ್ಚು ದಿನ ಬಳಸಿದರೆ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಪೊಟ್ಯಾಸಿಯಂ ಇಳಿದರೆ ಕ್ಯೂಟಿ ಹಿಗ್ಗುತ್ತದೆ. ವಾಂತಿಭೇದಿಯಲ್ಲಿಯೂ ಅದೇ ಆಗುವುದರಿಂದ ಬೇಗ ಓಆರ್‌ಎಸ್ ಶುರು ಮಾಡಬೇಕು, ಆಸ್ಪತ್ರೆಗೆ ಹೋಗಲು ತಡ ಮಾಡಬಾರದು.

ಒಂದು ಎಚ್ಚರಿಕೆ. ಈ ಬರಹ ಓದಿ ಯಾರೂ ತಮ್ಮ ಮಾತ್ರೆಯನ್ನು ತಾವೇ ನಿಲ್ಲಿಸಬೇಡಿ. ಮಗುವಿನ ಫಿಟ್ಸ್ ಮಾತ್ರೆಯೂ ಅಷ್ಟೇ. ಅದನ್ನು ನಿಲ್ಲಿಸಬೇಕೋ ಬೇಡವೋ ಎಂದು ಹೇಳಬೇಕಾದವರು ವೈದ್ಯರು.

ತುಂಗಾತೀರ, ಶಿವಮೊಗ್ಗ

ಅಪ್ಪ ಗ್ಯಾಸ್‌ಗೆಂದು ತೆಗೆದುಕೊಳ್ಳುವ ಮಾತ್ರೆಯ ಹಿಂಬದಿಯನ್ನು ಈಗಷ್ಟೇ ಓದಿದೆ. ಡೊಂಪೆರಿಡೋನ್ 30 ಮಿಲಿಗ್ರಾಂ ಎಂದಿದೆ. ನಮ್ಮ ಕುಟುಂಬದ ವೈದ್ಯರಿಗೆ ಕರೆ ಮಾಡಿ ವಿಷಯ ತಿಳಿಸಿದಾಗ, ಅದನ್ನು ಬಿಟ್ಟು ಬರಿಯ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳಲು ಹೇಳಿದರು. ಚೀಲಕ್ಕೆ ಅದನ್ನೂ ಹಾಕಿದ್ದೇನೆ.

ಮಲಪ್ರಭೆಯಿಂದ ಥೇಮ್ಸ್‌ವರೆಗೆ, ಲಂಡನ್

ನಾನು ಬೆಳಗಾವಿಯವನು, ಇಲ್ಲಿ ಕೆಲಸದಲ್ಲಿದ್ದೇನೆ. ನನ್ನ ಕಾಯಿಲೆ ಖಚಿತವಾದಾಗ ಇಲ್ಲಿನ ಆನುವಂಶಿಕ ಹೃದ್ರೋಗದ ಕ್ಲಿನಿಕ್ಕಿನವರು, ನನ್ನ ಜೀನಿನಲ್ಲಿ ಕಂಡ ನಿರ್ದಿಷ್ಟ ಬದಲಾವಣೆಯನ್ನು ನಮೂದಿಸಿ ಬಂಧುಗಳಿಗೆ ಕೊಡಲೆಂದೇ ಒಂದು ಪತ್ರ ಬರೆದುಕೊಟ್ಟರು. ನನ್ನ ಅಣ್ಣ ಅದನ್ನು ಊರಿನ ಪ್ರಯೋಗಾಲಯಕ್ಕೆ ತೋರಿಸಿದಾಗ, ಅವನಿಗೆ ಇಡೀ ಜೀನ್ ಸಮೂಹದ ದುಬಾರಿ ಪರೀಕ್ಷೆ ಬೇಕಾಗಲಿಲ್ಲ, ಆ ಒಂದು ಜಾಗವನ್ನು ಮಾತ್ರ ನೋಡಿದರೆ ಸಾಕಾಯಿತು. ನೀವೂ ಅಂತಹ ಪತ್ರವನ್ನು ಕೇಳಿ ಪಡೆಯಿರಿ.

ಜೀನ್ ಪರೀಕ್ಷೆಯ ಮಿತಿಯನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ಕಾಯಿಲೆ ಖಚಿತವಿರುವವರಲ್ಲಿಯೂ ನಾಲ್ವರಲ್ಲಿ ಮೂವರಿಗೆ, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಮಾತ್ರ ಜೀನಿನ ದೋಷ ಸಿಗುತ್ತದೆ. ಹೆಚ್ಚಾಗಿ ಕೆಸಿಎನ್‌ಕ್ಯೂ1, ಕೆಸಿಎನ್‌ಎಚ್2, ಎಸ್‌ಸಿಎನ್5ಎ ಎಂಬ ಮೂರರಲ್ಲಿ ಒಂದರಲ್ಲಿ. ಸಿಗದಿದ್ದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ಕೆಲವೊಮ್ಮೆ 'ಅರ್ಥ ನಿಶ್ಚಿತವಿಲ್ಲದ ಬದಲಾವಣೆ' ಎಂಬ ವರದಿ ಬರುತ್ತದೆ. ಅಂಥದ್ದನ್ನು ಆಧಾರವಾಗಿಟ್ಟುಕೊಂಡು ಬಂಧುಗಳಿಗೆ ಕಾಯಿಲೆ ಇದೆಯೆಂದೋ ಇಲ್ಲವೆಂದೋ ಹೇಳಬಾರದು.

ಚಾಮುಂಡಿ ತಪ್ಪಲು, ಮೈಸೂರು

ಭೇಟಿಯವರೆಗಿನ ಈ ದಿನಗಳ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಓಟ, ಪಂದ್ಯ, ಈಜು ಸದ್ಯಕ್ಕೆ ಬೇಡ. ಮೆಟ್ಟಿಲು ಹತ್ತುವುದು, ಶಾಲೆಗೆ ನಡೆದು ಹೋಗುವುದು ಮಾಡಬಹುದೇ ಎಂದು ಮಕ್ಕಳ ವೈದ್ಯರನ್ನೇ ಕೇಳಿಕೊಳ್ಳಿ. ಮಲಗುವ ಕೋಣೆಯಲ್ಲಿ ಅಲಾರಾಂ, ಜೋರಾಗಿ ಬಾರಿಸುವ ಮೊಬೈಲು ಬೇಡ, ಬಗೆ ಇನ್ನೂ ತಿಳಿದಿಲ್ಲವಲ್ಲ. ಅವಳು ಒಬ್ಬಳೇ ನೀರಿನ ಹತ್ತಿರ ಹೋಗದಿರಲಿ. ಮತ್ತೆ ಬಿದ್ದು, ಎಚ್ಚರಿಸಿದರೂ ಏಳದೆ, ಸರಿಯಾಗಿ ಉಸಿರಾಡದೆ ಇದ್ದರೆ 108 ಅಥವಾ 112ಕ್ಕೆ ಕರೆ ಮಾಡಲು ಒಬ್ಬರಿಗೆ ಹೇಳಿ, ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಇದನ್ನು ತಂದೆತಾಯಿ ಮತ್ತು ಆ ದೈಹಿಕ ಶಿಕ್ಷಕರು ಕಲಿಯಲಿ; ಎಲ್ಲಿ ಕಲಿಸುತ್ತಾರೆ ಎಂದು ಭೇಟಿಯ ದಿನ ಆಸ್ಪತ್ರೆಯಲ್ಲೇ ವಿಚಾರಿಸಿ.

ಕೇಳಬೇಕಾದ ಪ್ರಶ್ನೆಗಳು ಹತ್ತಾರು ಇದ್ದರೂ ಮುಖ್ಯವಾದ ನಾಲ್ಕೈದನ್ನು ದಪ್ಪಕ್ಷರದಲ್ಲಿ ಬರೆಯಿರಿ. ನನ್ನ ಲೆಕ್ಕದಲ್ಲಿ ಅವು ಇವು: ಕಾಯಿಲೆ ಖಚಿತವೋ, ಸಂಶಯ ಮಾತ್ರವೋ, ಖಚಿತಪಡಿಸಲು ಟ್ರೆಡ್‌ಮಿಲ್, ಹೋಲ್ಟರ್ (ದಿನವಿಡೀ ಮೈಮೇಲಿದ್ದು ಇಸಿಜಿ ದಾಖಲಿಸುವ ಯಂತ್ರ) ಇವುಗಳಲ್ಲಿ ಏನು ಬಾಕಿ ಇದೆ? ಬೀಟಾ ಬ್ಲಾಕರ್ (ಹೃದಯದ ಮೇಲೆ ಅಡ್ರಿನಲಿನ್ ಪ್ರಭಾವವನ್ನು ತಗ್ಗಿಸುವ ಮಾತ್ರೆ) ಕೊಡುವುದಾದರೆ ಯಾವುದು, ಏಕೆ ಅದೇ? (ನಾಡೊಲಾಲ್, ಪ್ರೊಪ್ರನೊಲಾಲ್ ಹೆಚ್ಚು ಪರಿಣಾಮಕಾರಿ, ಮೆಟೊಪ್ರೊಲಾಲ್ ಅಷ್ಟಿಲ್ಲ ಎಂಬ ಅಭಿಪ್ರಾಯವಿದೆ; ಬರೆದದ್ದು ಅಂಗಡಿಯಲ್ಲಿ ಸಿಗದಿದ್ದರೆ ಏನು ಮಾಡಬೇಕೆಂದೂ ಕೇಳಿ.) ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಏನು ಮಾಡಬೇಕು? ಮನೆಯಲ್ಲಿ ಇನ್ನು ಯಾರು ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು? ಮಗುವಿಗೆ ಉಬ್ಬಸ ಇದ್ದರೆ ಮರೆಯದೆ ಹೇಳಿ, ಏಕೆಂದರೆ ಈ ಮಾತ್ರೆಗಳಿಂದ ಅದು ಕೆರಳಬಹುದು. ಎದೆಯಲ್ಲಿ ಐಸಿಡಿ (ಲಯ ತಪ್ಪಿದಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಸಾಧನ) ಇಡಬೇಕೇ ಎಂಬ ಪ್ರಶ್ನೆಯೂ ನಿಮ್ಮ ತಲೆಯಲ್ಲಿ ಓಡುತ್ತಿರಬಹುದು. ಅದು ಎಲ್ಲರಿಗೂ ಬೇಕಾಗುವುದಿಲ್ಲ, ನನಗೂ ಇಲ್ಲ.

ಪ್ರಶ್ನೆ ಕೇಳುವುದು ಒಬ್ಬರು, ಬರೆದುಕೊಳ್ಳುವುದು ಇನ್ನೊಬ್ಬರು ಎಂದು ಮೊದಲೇ ಹಂಚಿಕೊಳ್ಳಿ. ಮಗುವಿಗೂ ಮಾತನಾಡಲು ಬಿಡಿ. ಹನ್ನೆರಡು ವರ್ಷದವಳಿಗೆ ಎಲ್ಲವೂ ಅರ್ಥವಾಗುತ್ತದೆ. ದೊಡ್ಡವರು ಅವಳ ತಲೆಯ ಮೇಲಿಂದ ಪಿಸುಗುಟ್ಟುವುದೇ ಅವಳನ್ನು ಹೆಚ್ಚು ಹೆದರಿಸುತ್ತದೆ.

ತುಂಗಾತೀರ, ಶಿವಮೊಗ್ಗ

ಭೇಟಿ ಮುಗಿಯಿತು. ವೈದ್ಯರು ಮೊದಲು ಕೇಳಿದ್ದು ಶಿಕ್ಷಕರ ಬರಹವನ್ನು, ಆಮೇಲೆ ವಂಶವೃಕ್ಷವನ್ನು. ಸೋದರತ್ತೆಯ ಸಾಲಿನ ಕೆಳಗೆ ಗೆರೆ ಎಳೆದರು. ಹೋದ ವರ್ಷದ ಹಳೆಯ ಇಸಿಜಿಯನ್ನು ಅಳತೆಪಟ್ಟಿ ಇಟ್ಟು ಅಳೆದು, ಆಗಲೇ ಉದ್ದವಿತ್ತು ಎಂದರು. ಟ್ರೆಡ್‌ಮಿಲ್ ಮೇಲೆ ತಮ್ಮ ಕಣ್ಣೆದುರೇ ನಡೆಸಿ, ನಿಂತ ಮೇಲೆ ನಾಲ್ಕನೇ ನಿಮಿಷದ ಕ್ಯೂಟಿಸಿಯನ್ನು ವಿಶೇಷವಾಗಿ ನೋಡಿದರು. ಅದು 490 ಬಂತು. ಲಾಂಗ್ ಕ್ಯೂಟಿ ಎಂದೇ ಪರಿಗಣಿಸಿ ಪ್ರೊಪ್ರನೊಲಾಲ್ ಶುರು ಮಾಡಿದ್ದಾರೆ, ಯಾವ ಕಾರಣಕ್ಕೂ ಒಮ್ಮೆಲೇ ನಿಲ್ಲಿಸಬಾರದು ಎಂದು ಮೂರು ಜನರಿಗೂ ಬೇರೆ ಬೇರೆಯಾಗಿ ಹೇಳಿದರು. ಫಿಟ್ಸ್ ಮಾತ್ರೆಯನ್ನು ನರರೋಗ ತಜ್ಞರೊಂದಿಗೆ ಮಾತನಾಡಿ ಹಂತಹಂತವಾಗಿ ತಗ್ಗಿಸುವುದಾಗಿ ತಿಳಿಸಿದ್ದಾರೆ. ಜೀನ್ ಪರೀಕ್ಷೆಗೆ ರಕ್ತ ಕೊಟ್ಟಿದ್ದೇವೆ, ವರದಿ ಬರಬೇಕು.

ತಮ್ಮನ ಕ್ಯೂಟಿಸಿ 468 ಇದೆ. ಅಪ್ಪನದು ಡೊಂಪೆರಿಡೋನ್ ಬಿಟ್ಟ ಮೇಲೆ ಇನ್ನೊಮ್ಮೆ ತೆಗೆಯಬೇಕಂತೆ. ನನ್ನದು ಸಹಜವಾಗಿದೆ, ಆದರೂ ವರದಿ ಬರುವವರೆಗೆ ನನ್ನನ್ನೂ ಪಟ್ಟಿಯಿಂದ ಹೊರಗಿಟ್ಟಿಲ್ಲ. ಸೋದರತ್ತೆಯ ಸಾವಿನ ಬಗ್ಗೆ ಊರಿನವರು ಆಡಿದ ಮಾತನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದ ಅಪ್ಪ, ವಾಪಸು ಬರುವಾಗ ದಾರಿಯುದ್ದಕ್ಕೂ ಅವಳ ಕುರಿತೇ ಮಾತನಾಡಿದರು.

ಒಂದು ಪ್ರಶ್ನೆ ಉಳಿದಿದೆ. ಶಾಲೆಯವರು ಈಗ ಮಗುವನ್ನು ಆಟದ ಅವಧಿಯಲ್ಲಿ ತರಗತಿಯಲ್ಲೇ ಕೂರಿಸುತ್ತೇವೆ ಎನ್ನುತ್ತಿದ್ದಾರೆ. ಅವಳಿಗೆ ಅದು ಬಹಳ ನೋವಾಗಿದೆ.

ಚಾಮುಂಡಿ ತಪ್ಪಲು, ಮೈಸೂರು

ಮುಂದಿನ ಭೇಟಿಯಲ್ಲಿ ಶಾಲೆಗೆಂದೇ ಒಂದು ಪತ್ರ ಬರೆಸಿಕೊಳ್ಳಿ: ಯಾವುದು ಬೇಡ, ಯಾವುದು ಆಗಬಹುದು, ಬಿದ್ದರೆ ಏನು ಮಾಡಬೇಕು, ಯಾವ ಔಷಧ ಕೊಡಬಾರದು. ಬೇಡದ್ದರ ಪಟ್ಟಿಯಷ್ಟೇ ಆಗಬಹುದಾದ್ದರ ಪಟ್ಟಿಯನ್ನೂ ವೈದ್ಯರಿಂದ ಕೇಳಿ ಬರೆಸಿ. ಮೊದಲೆಲ್ಲ ಎಲ್ಲ ಆಟಗಳನ್ನೂ ನಿಲ್ಲಿಸುತ್ತಿದ್ದರು; ಈಗ ಮಾತ್ರೆ ಸರಿಯಾಗಿ ಹೊಂದಿಕೊಂಡ ಮೇಲೆ ಪ್ರತಿ ಮಗುವಿನ ಸ್ಥಿತಿ ನೋಡಿ ನಿರ್ಧರಿಸುವ ವೈದ್ಯರು ಹೆಚ್ಚಾಗುತ್ತಿದ್ದಾರೆ. ಅಲ್ಲಿಯವರೆಗೆ ಆ ಶಿಕ್ಷಕರು ಅವಳಿಗೆ ಸ್ಟಾಪ್‌ವಾಚ್ ಕೊಟ್ಟು ಗೆರೆಯ ಬಳಿ ನಿಲ್ಲಿಸಲಿ. ಮೈದಾನದಿಂದ ಹೊರಗೆ ಕಳಿಸುವುದು ಬೇಡ.

ತುಂಗಾತೀರ, ಶಿವಮೊಗ್ಗ

ಸೋಮವಾರ ಶಾಲೆಗೆ ಹೋಗಿ ಅವರೊಂದಿಗೆ ಮಾತನಾಡುತ್ತೇನೆ. ಜೀನ್ ವರದಿ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ. ಆಪ್ತಸಲಹೆಯವರನ್ನು ಕೇಳಲು ನನ್ನಲ್ಲಿ ಆಗ ಇನ್ನಷ್ಟು ಪ್ರಶ್ನೆಗಳಿರುತ್ತವೆ.